ಹೊರದೇಶದಲ್ಲಿ ಧರ್ಮದ ಹೆಸರಿನ ಹಿಂಸೆ: ನಮ್ಮ ಸಂಸದರು ಮಾತಾಡುವಂತೆ ಮಾಡುವುದು ಹೇಗೆ?

ನಾಲ್ಕು ಪುಟದ ಮನವಿ, ಹನ್ನೊಂದು ಫೋಟೋ, ಕೆಳಗೆ ಅರವತ್ತು ಸಹಿ. 2024ರ ಆಗಸ್ಟ್‌ನಲ್ಲಿ ಮಂಗಳೂರಿನ ನಾವು ಕೆಲವರು ಸೇರಿ ಇದನ್ನು ಒಬ್ಬ ಜನಪ್ರತಿನಿಧಿಯ ಕಚೇರಿಗೆ ಕೊಟ್ಟು ಬರಲು ಹೋಗಿದ್ದೆವು. ಬಾಂಗ್ಲಾದೇಶದಲ್ಲಿ ಶೇಖ್ ಹಸೀನಾ ಸರ್ಕಾರ ಬಿದ್ದು, ಹಿಂದೂಗಳ ಮನೆ, ಅಂಗಡಿ, ದೇವಸ್ಥಾನಗಳ ಮೇಲೆ ದಾಳಿಯಾದ ಸುದ್ದಿ ಬರುತ್ತಿದ್ದ ದಿನಗಳು ಅವು. ನಮ್ಮ ಸಂಕಟ ನಿಜವಾಗಿತ್ತು. ಮನವಿ ಮಾತ್ರ ಕೆಲಸಕ್ಕೆ ಬರುವಂತಿರಲಿಲ್ಲ.

ಕಚೇರಿಯಲ್ಲಿದ್ದ ಪಿಎ ಪೂರ್ತಿ ಓದಿದರು. ಆಮೇಲೆ ಮೂರು ಪ್ರಶ್ನೆ ಕೇಳಿದರು. "ಇದರಲ್ಲಿ ಸಾಹೇಬ್ರು ಮಾಡಬೇಕಾದ್ದು ಏನು?" "ಇಷ್ಟು ಘಟನೆಗಳಲ್ಲಿ ನೀವು ಖಂಡಿತವಾಗಿ ಹೇಳಬಹುದಾದದ್ದು ಯಾವುದು?" "ಈ ಫೋಟೋ ಎಲ್ಲಿಯದು?" ನಮ್ಮಲ್ಲಿ ಒಂದಕ್ಕೂ ಉತ್ತರ ಇರಲಿಲ್ಲ. ಮನೆಗೆ ಬಂದು ಹುಡುಕಿದಾಗ, ಆ ಫೋಟೋ ಯಾವುದೋ ಹಳೆಯ ಬೆಂಕಿ ಅನಾಹುತದ್ದು ಅಂತ ಗೊತ್ತಾಯಿತು.

ಆ ಮೂರು ಪ್ರಶ್ನೆಗಳೇ ಈ ಬರಹಕ್ಕೆ ಬುನಾದಿ. ಸಂಸದರಿಗೆ ನಮ್ಮ ಸಿಟ್ಟನ್ನು ಒಪ್ಪಿಸಿ ಬಂದರೆ ಏನೂ ಆಗುವುದಿಲ್ಲ. ಒಂದು ಖಚಿತ ವಿಷಯ, ಒಂದು ಸ್ಪಷ್ಟ ಬೇಡಿಕೆ, ಅದನ್ನು ಸದನದಲ್ಲಿ ಎಲ್ಲಿ ಹೇಳಬಹುದು ಎಂಬ ದಾರಿ, ಈ ಮೂರನ್ನೂ ಸಿದ್ಧ ಮಾಡಿ ಕೊಟ್ಟರೆ ಅವರು ಮಾತಾಡುವ ಸಾಧ್ಯತೆ ಇದೆ. ಜತೆಗೆ ನಮ್ಮ ಧರ್ಮದವರಲ್ಲದವರ ನೋವೂ ಅದೇ ಮನವಿಯಲ್ಲಿದ್ದರೆ ಆ ಮಾತಿಗೆ ತೂಕ ಜಾಸ್ತಿ.

ಇಲ್ಲಿ ಕೂತ ನಮಗೆ ಇದು ಯಾಕೆ?

ಈ ಪ್ರಶ್ನೆ ಕೇಳುವವರು ಖಂಡಿತ ಸಿಗುತ್ತಾರೆ. ಉತ್ತರ ನಮ್ಮ ಊರಿನ ಚರಿತ್ರೆಯಲ್ಲೇ ಇದೆ. 1560ರಲ್ಲಿ ಪೋರ್ಚುಗೀಸರು ಗೋವಾದಲ್ಲಿ ಧರ್ಮ ತಪ್ಪಿದವರೆಂಬ ಗುಮಾನಿ ಇದ್ದವರನ್ನು ವಿಚಾರಿಸಿ ಶಿಕ್ಷಿಸುವ ಚರ್ಚಿನ ನ್ಯಾಯಾಲಯ, ಅಂದರೆ ಇನ್‌ಕ್ವಿಸಿಷನ್ ಶುರು ಮಾಡಿದರು. ನಡುವೆ ಸ್ವಲ್ಪ ಕಾಲ ನಿಂತದ್ದು ಬಿಟ್ಟರೆ ಅದು 1812ರವರೆಗೂ ನಡೆಯಿತು. ಪೋರ್ಚುಗೀಸರ ಆಳ್ವಿಕೆಯಲ್ಲಿ ಧರ್ಮದ ಒತ್ತಾಯ ತಾಳಲಾರದೆ ಗೌಡ ಸಾರಸ್ವತ ಕುಟುಂಬಗಳು ದಕ್ಷಿಣಕ್ಕೆ ಬಂದವು. ಮತಾಂತರ ಆದ ಮೇಲೂ ಹಳೆಯ ಆಚಾರ ಬಿಟ್ಟಿಲ್ಲ ಎಂಬ ಗುಮಾನಿಗೆ ಹೆದರಿ ಕೊಂಕಣಿ ಕ್ರೈಸ್ತರೂ ಬಂದರು. ಬರ, ಯುದ್ಧಗಳೂ ಅವರನ್ನು ಓಡಿಸಿದವು. ಇಬ್ಬರೂ ಬಂದು ನೆಲೆ ನಿಂತದ್ದು ಇದೇ ಕರಾವಳಿಯಲ್ಲಿ. ಕಾರ್‌ಸ್ಟ್ರೀಟಿನ ತೇರನ್ನೂ ಚರ್ಚುಗಳ ಮೊಂತಿ ಹಬ್ಬವನ್ನೂ ನೋಡುವಾಗ ನನಗೆ ಇದು ನೆನಪಾಗುತ್ತದೆ.

ಶಾಲಾ ಪ್ರವಾಸದಲ್ಲಿ ಬೈಲುಕುಪ್ಪೆಗೆ ಹೋದವರು ನಮ್ಮಲ್ಲಿ ಎಷ್ಟು ಮಂದಿ! ಚಿನ್ನದ ಬುದ್ಧನ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತೇವೆ. 1961ರಲ್ಲಿ ಅಲ್ಲಿ ಟಿಬೆಟಿಯನ್ನರ ವಸತಿ ಯಾಕೆ ಶುರುವಾಯಿತು ಅಂತ ಕೇಳುವುದಿಲ್ಲ. ದಲಾಯಿ ಲಾಮಾ ಅವರು ಪಂಚೆನ್ ಲಾಮಾ, ಅಂದರೆ ಟಿಬೆಟಿಯನ್ನರ ಎರಡನೇ ದೊಡ್ಡ ಧರ್ಮಗುರು, ಎಂದು ಗುರುತಿಸಿದ ಆರು ವರ್ಷದ ಹುಡುಗನನ್ನು ಚೀನಾ 1995ರ ಮೇ 17ರಂದು ಕರೆದುಕೊಂಡು ಹೋಯಿತು. ಆ ಮೇಲೆ ಹೊರಗಿನವರು ಯಾರೂ ಆತನನ್ನು ಕಂಡಿಲ್ಲ.

ಇನ್ನೊಬ್ಬರನ್ನು ನೆನೆಯಬೇಕು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್ ದೆಹಲಿಯಲ್ಲಿ ತಮಗೆ ಸಿಕ್ಕ ಸರ್ಕಾರಿ ಬಂಗಲೆಯಲ್ಲೇ ಬರ್ಮಾದಿಂದ ತಪ್ಪಿಸಿಕೊಂಡು ಬಂದ ವಿದ್ಯಾರ್ಥಿಗಳಿಗೆ ಜಾಗ ಕೊಟ್ಟಿದ್ದರು. ಟಿಬೆಟ್ ಪರವಾಗಿ ಬಹಿರಂಗವಾಗಿ ಮಾತಾಡುತ್ತಿದ್ದರು. ಈ ಊರಿನವರು ಹೊರಗಿನ ನೋವಿಗೆ ದನಿಯಾದದ್ದು ಹೊಸದೇನಲ್ಲ.

ಯಾರನ್ನು ಕೇಳಬೇಕು?

ಹೆಚ್ಚಿನವರು ಮೊದಲು ಶಾಸಕರ ಹತ್ತಿರ ಹೋಗುತ್ತಾರೆ, ಪರಿಚಯ ಇರುವುದರಿಂದ. ಆದರೆ ವಿದೇಶಾಂಗ ವಿಷಯ ಸಂವಿಧಾನದ ಪ್ರಕಾರ ಕೇಂದ್ರದ ಪಟ್ಟಿಯಲ್ಲಿದೆ. ಶಾಸಕರು ಒಂದು ಬೆಂಬಲದ ಪತ್ರ ಕೊಡಬಹುದು, ಸಂಸದರಿಗೆ ಫೋನ್ ಮಾಡಿಸಬಹುದು. ಅಷ್ಟಕ್ಕೆ ಬಳಸಿಕೊಳ್ಳಿ. ಕೆಲಸ ಆಗಬೇಕಾದ್ದು ಸಂಸತ್ತಿನಲ್ಲಿ.

ನಿಮ್ಮ ಸಂಸದರು ಯಾರು ಎಂಬುದನ್ನು ಸರಿಯಾಗಿ ನೋಡಿಕೊಳ್ಳಿ. ಜಿಲ್ಲೆಯ ಗಡಿಯೂ ಲೋಕಸಭಾ ಕ್ಷೇತ್ರದ ಗಡಿಯೂ ಒಂದೇ ಅಲ್ಲ. ಮಂಗಳೂರು, ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿ, ಪುತ್ತೂರು, ಸುಳ್ಯದವರಿಗೆ ದಕ್ಷಿಣ ಕನ್ನಡ ಕ್ಷೇತ್ರ. ಕುಂದಾಪುರ, ಉಡುಪಿ, ಕಾಪು, ಕಾರ್ಕಳದವರಿಗೆ ಉಡುಪಿ-ಚಿಕ್ಕಮಗಳೂರು. ಬೈಂದೂರಿನವರು ಉಡುಪಿ ಜಿಲ್ಲೆಯಲ್ಲೇ ಇದ್ದರೂ ವೋಟು ಹಾಕುವುದು ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ. ಬೈಂದೂರಿನ ಸಹಿ ಇರುವ ಮನವಿ ಉಡುಪಿ ಸಂಸದರ ಮೇಜಿಗೆ ಹೋದರೆ "ಇವರು ನಮ್ಮ ಕ್ಷೇತ್ರದವರಲ್ಲ" ಎಂಬ ಒಂದು ಮಾತಿನಲ್ಲಿ ಮುಗಿಯುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ನಿಮ್ಮ ಸಂಸದರು ಕೇಂದ್ರ ಸಚಿವರಾಗಿದ್ದರೆ ಅವರು ಸದನದಲ್ಲಿ ಪ್ರಶ್ನೆ ಕೇಳುವಂತಿಲ್ಲ. ಅವರು ಉತ್ತರ ಕೊಡುವ ಕಡೆಯವರು. 2021ರಿಂದ 2024ರವರೆಗೆ ಉಡುಪಿ-ಚಿಕ್ಕಮಗಳೂರಿನವರ ಸ್ಥಿತಿ ಹೀಗೇ ಇತ್ತು, ಶೋಭಾ ಕರಂದ್ಲಾಜೆ ಆಗ ಕೇಂದ್ರ ಸಚಿವೆಯಾಗಿದ್ದರು. ಇಂಥ ಹೊತ್ತಿಗೆ ಸಚಿವರಿಂದ ವಿದೇಶಾಂಗ ಸಚಿವರಿಗೆ ಒಂದು ಪತ್ರ ಬರೆಸಿ. ಪ್ರಶ್ನೆಗೆ ರಾಜ್ಯಸಭೆಯ ದಾರಿ ಹಿಡಿಯಿರಿ. ಕರ್ನಾಟಕದಿಂದ ರಾಜ್ಯಸಭೆಗೆ 12 ಸದಸ್ಯರಿದ್ದಾರೆ, ಬೇರೆ ಬೇರೆ ಪಕ್ಷದವರು. ಅವರಿಗೆ ಇಡೀ ರಾಜ್ಯವೇ ಕ್ಷೇತ್ರ. ಎಲ್ಲರ ವಿಳಾಸ, ಇ-ಮೇಲ್ ಸಂಸತ್ತಿನ ಅಧಿಕೃತ ಜಾಲತಾಣದಲ್ಲಿ ಸಿಗುತ್ತದೆ.

ಆಳುವ ಪಕ್ಷದವರನ್ನು ಕೇಳುವುದೋ ವಿರೋಧ ಪಕ್ಷದವರನ್ನೋ? ಇಬ್ಬರನ್ನೂ ಕೇಳಿ. ಆಳುವ ಪಕ್ಷದ ಸಂಸದರು ಸಚಿವರ ಕಿವಿಗೆ ಹತ್ತಿರ. ವಿರೋಧ ಪಕ್ಷದವರು ಗಟ್ಟಿಯಾಗಿ ಕೇಳಬಲ್ಲರು. ಒಂದೇ ಪಕ್ಷಕ್ಕೆ ಕೊಟ್ಟರೆ ನಿಮ್ಮ ಮನವಿ ಆ ಪಕ್ಷದ ಕರಪತ್ರ ಆಗಿಬಿಡುತ್ತದೆ.

ವಿಷಯ ಆರಿಸುವುದು, ಸತ್ಯ ನೋಡುವುದು

ನಾವು ಎಡವಿದ್ದು ಇಲ್ಲಿ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

"ಪ್ರಪಂಚದಲ್ಲಿ ಎಲ್ಲ ಕಡೆ ಅಲ್ಪಸಂಖ್ಯಾತರಿಗೆ ಹಿಂಸೆಯಾಗುತ್ತಿದೆ" ಅಂತ ಬರೆದರೆ ಯಾರೂ ಏನೂ ಮಾಡಲಾರರು. ಒಂದು ದೇಶ, ಒಂದು ಸಮುದಾಯ, ಸಾಧ್ಯವಾದರೆ ಒಂದು ಕಾನೂನು ಅಥವಾ ಒಂದು ಘಟನೆ ಆರಿಸಿ. ಪಾಕಿಸ್ತಾನದ ಧರ್ಮನಿಂದನೆ ಕಾನೂನು ತೆಗೆದುಕೊಳ್ಳಿ. ಆಸಿಯಾ ಬೀಬಿ ಎಂಬ ಕ್ರೈಸ್ತ ಕೃಷಿ ಕೂಲಿ ಹೆಂಗಸನ್ನು 2009ರಲ್ಲಿ ಬಂಧಿಸಿದರು. 2010ರಲ್ಲಿ ಮರಣದಂಡನೆ ಆಯಿತು. 2018ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟ್ ಬಿಡುಗಡೆ ಮಾಡುವವರೆಗೆ ಆಕೆ ಜೈಲಿನಲ್ಲೇ ಇದ್ದಳು. ಈ ಒಂದು ಹೆಂಗಸಿನ ಕಥೆ ಹೇಳಿದರೆ ಕಾನೂನು ಏನು ಮಾಡುತ್ತದೆ ಅಂತ ಕೇಳುವವರಿಗೆ ತಾನಾಗಿ ಅರ್ಥವಾಗುತ್ತದೆ. ಅದೇ ದೇಶದಲ್ಲಿ, ತಮ್ಮನ್ನು ಮುಸ್ಲಿಮರೆಂದೇ ಹೇಳಿಕೊಳ್ಳುವ ಅಹಮದಿಯ ಪಂಗಡದವರನ್ನು 1974ರಲ್ಲಿ ಸಂವಿಧಾನ ತಿದ್ದಿ ಮುಸ್ಲಿಮರಲ್ಲ ಎಂದರು. 1984ರ ಸುಗ್ರೀವಾಜ್ಞೆಯ ಮೇಲೆ ಅವರು ತಮ್ಮ ಪ್ರಾರ್ಥನಾಲಯವನ್ನು ಮಸೀದಿ ಅಂತ ಕರೆದರೂ ಅಪರಾಧ.

ಆರಿಸಿದ ಮೇಲೆ ನಿಮ್ಮನ್ನು ನೀವೇ ಕೇಳಿಕೊಳ್ಳಿ: ಹಿಂಸೆ ಮಾಡಿದ್ದು ಯಾರು, ಸರ್ಕಾರವೋ ಗುಂಪೋ? ಗುಂಪಾದರೆ ಪೊಲೀಸರು ಏನು ಮಾಡಿದರು? ಇದು ಧರ್ಮದ ಕಾರಣಕ್ಕೇ ಆದದ್ದೇ? ಉತ್ತರ ಹಲವು ಸಲ ಬೆರಕೆಯಾಗಿರುತ್ತದೆ. 2017ರ ಆಗಸ್ಟ್ ನಂತರ ಮ್ಯಾನ್ಮಾರ್‌ನಿಂದ 7 ಲಕ್ಷಕ್ಕೂ ಜಾಸ್ತಿ ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿದರು. ಅದರ ಹಿಂದೆ ಧರ್ಮ ಇದೆ, ಜನಾಂಗ ಇದೆ, ಅವರಿಗೆ ಪೌರತ್ವ ನಿರಾಕರಿಸಿದ 1982ರ ಕಾನೂನೂ ಇದೆ. 2024ರ ಬಾಂಗ್ಲಾ ದಾಳಿಗಳಲ್ಲಿ ಕೆಲವು ಕಡೆ ರಾಜಕೀಯ ಸೇಡೂ ಸೇರಿತ್ತು. ಬೆರಕೆ ಇದ್ದರೆ ಹಾಗೆಂದೇ ಬರೆಯಿರಿ. ಮುಚ್ಚಿಟ್ಟರೆ ಸಚಿವಾಲಯದ ಅಧಿಕಾರಿ ಮೊದಲು ಹಿಡಿಯುವುದು ಅದನ್ನೇ.

ಈಗ ಫೋಟೋ ವಿಷಯ. 2024ರ ಆಗಸ್ಟ್‌ನಲ್ಲಿ ಬಾಂಗ್ಲಾದೇಶದ ಹಿಂದೂ ಕ್ರಿಕೆಟಿಗ ಲಿಟನ್ ದಾಸ್ ಮನೆ ಸುಟ್ಟರು ಅಂತ ಒಂದು ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ಸುಟ್ಟದ್ದು ಹಸೀನಾ ಪಕ್ಷದ ಸಂಸದರಾಗಿದ್ದ ಇನ್ನೊಬ್ಬ ಕ್ರಿಕೆಟಿಗ ಮಶ್ರಫೆ ಮೊರ್ತಜಾ ಅವರ ಮನೆ. ಅದೇ ವಾರ ಮೆಹರ್‌ಪುರದಲ್ಲಿ ಇಸ್ಕಾನ್ ಕೇಂದ್ರದ ಮೇಲೆ ದಾಳಿಯಾದದ್ದು ಮಾತ್ರ ನಿಜ. ಸುಳ್ಳು ವಿಡಿಯೋ ಒಂದು ಸೇರಿದರೆ ನಿಜವಾದ ದಾಳಿಯನ್ನೂ ಜನ ನಂಬುವುದಿಲ್ಲ. ಸುಳ್ಳಿನಿಂದ ಹೆಚ್ಚು ಪೆಟ್ಟು ತಿನ್ನುವವರು ಹಿಂಸೆಗೆ ಸಿಕ್ಕವರೇ.

ಹಾಗಾಗಿ ವಾಟ್ಸಾಪ್‌ನಲ್ಲಿ ಬಂದದ್ದನ್ನು ಹಾಗೇ ಹಾಕಬೇಡಿ. ಫೋಟೋವನ್ನು ಗೂಗಲ್ ಲೆನ್ಸ್‌ಗೆ ಕೊಟ್ಟು ಹಳೆಯದೋ ನೋಡಿ. ಊರು, ತಾರೀಕು ಎರಡೂ ಸಿಗದ ಘಟನೆಯನ್ನು ಬಿಟ್ಟುಬಿಡಿ. ಕನಿಷ್ಠ ಎರಡು ಕಡೆ, ಒಬ್ಬರಿಂದೊಬ್ಬರು ನಕಲು ಮಾಡದ ಕಡೆ, ಅದೇ ವಿಷಯ ಇರಬೇಕು. ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯ ವರದಿಗಳು, ಆ ದೇಶದ್ದೇ ಪತ್ರಿಕೆಗಳು, ನಮ್ಮ ವಿದೇಶಾಂಗ ಸಚಿವಾಲಯದ ಹೇಳಿಕೆಗಳು ಒಳ್ಳೆಯ ಆಧಾರ. ಚೀನಾದ ಶಿನ್‌ಜಿಯಾಂಗ್‌ನ ಉಯಿಘರ್ ಮುಸ್ಲಿಮರ ಬಗ್ಗೆ ಬರೆಯುವುದಾದರೆ 2022ರ ಆಗಸ್ಟ್ 31ರ ವಿಶ್ವಸಂಸ್ಥೆ ವರದಿ ಇದೆ. ಅಲ್ಲಿ ನಡೆದದ್ದು ಮಾನವತೆಯ ವಿರುದ್ಧದ ಅಪರಾಧ ಆಗಿರಬಹುದು ಎಂದು ಅದು ಹೇಳುತ್ತದೆ. ಅಂಥ ಒಂದು ವರದಿ ನೂರು ಫಾರ್ವರ್ಡ್‌ಗಿಂತ ದೊಡ್ಡದು.

ಇನ್ನೊಂದು ಮಾತು. ನೊಂದವರ ಹೆಸರು ಈಗಾಗಲೇ ಜಗತ್ತಿಗೆ ಗೊತ್ತಿದ್ದರೆ ಮಾತ್ರ ಬಳಸಿ. ಪರಿಚಯದವರ ಮೂಲಕ ಗೊತ್ತಾದ ಹೆಸರನ್ನು ಅವರನ್ನು ಕೇಳದೆ ಬರೆಯಬೇಡಿ. ಆಸಿಯಾ ಬೀಬಿ ಪರ ಮಾತಾಡಿದ್ದಕ್ಕೆ ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದ ರಾಜ್ಯಪಾಲ ಸಲ್ಮಾನ್ ತಸೀರ್ 2011ರ ಜನವರಿಯಲ್ಲಿ ಕೊಲೆಯಾದರು. ಎರಡು ತಿಂಗಳಲ್ಲಿ ಸಚಿವ ಶಹಬಾಜ್ ಭಟ್ಟಿ ಕೂಡ. ಗನ್‌ಮ್ಯಾನ್ ಇದ್ದ ರಾಜ್ಯಪಾಲರ ಗತಿಯೇ ಹೀಗಾದರೆ, ಸಣ್ಣ ಹಳ್ಳಿಯ ಒಂದು ಕುಟುಂಬದ ಗತಿ ಏನು?

ಸಂಸದರು ಏನೇನು ಮಾಡಬಹುದು?

ಇದು ಗೊತ್ತಿದ್ದರೆ ನಿಮ್ಮ ಅರ್ಧ ಕೆಲಸ ಆದಂತೆ. ಸಂಸದರು ಇನ್ನೊಂದು ದೇಶಕ್ಕೆ ಆಜ್ಞೆ ಮಾಡಲಾರರು. ಆದರೆ ನಮ್ಮ ಸರ್ಕಾರವನ್ನು ಕೇಳಬಲ್ಲರು.

ಎಲ್ಲಕ್ಕಿಂತ ಗಟ್ಟಿ ಸಾಧನ ಪ್ರಶ್ನೆ. ಅದಕ್ಕೆ ಸರ್ಕಾರ ಉತ್ತರ ಕೊಡಲೇಬೇಕು, ಆ ಉತ್ತರ ಶಾಶ್ವತವಾಗಿ ದಾಖಲೆಯಲ್ಲಿ ಉಳಿಯುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆ ಕೇಳಬಹುದು. ಆದರೆ ಲೋಕಸಭೆಯಲ್ಲಿ ದಿನಕ್ಕೆ 20 ಪ್ರಶ್ನೆಗೆ ಮಾತ್ರ ಆ ಭಾಗ್ಯ, ಅದೂ ಚೀಟಿ ಎತ್ತುವ ಅದೃಷ್ಟದ ಮೇಲೆ. ಚುಕ್ಕೆ ಇಲ್ಲದ ಪ್ರಶ್ನೆ 230ರವರೆಗೆ ಹೋಗುತ್ತದೆ, ಉತ್ತರ ಬರಹದಲ್ಲಿ. ನಮ್ಮಂಥವರಿಗೆ ಇದೇ ಸುಲಭದ ದಾರಿ. ನೋಟಿಸು ಕನಿಷ್ಠ 15 ದಿನ ಮುಂಚೆ ಕೊಡಬೇಕು. ಅಧಿವೇಶನ ಶುರುವಾದ ಮೇಲೆ ಮನವಿ ಹಿಡಿದು ಓಡಿದರೆ ಆ ಸಲಕ್ಕೆ ತಡವಾಗಿರುತ್ತದೆ.

ಪ್ರಶ್ನೆ ಹೇಗೆ ಬರೆಯಬೇಕು ಎಂಬುದಕ್ಕೆ ನಿಯಮ ಇದೆ. 150 ಪದ ಮೀರಬಾರದು. ಅಭಿಪ್ರಾಯ ಕೇಳುವಂತಿಲ್ಲ. ವಾದ, ವ್ಯಂಗ್ಯ ಇರಬಾರದು. ನಮ್ಮ ಮಟ್ಟಿಗೆ ಮುಖ್ಯವಾದದ್ದು: ಮಿತ್ರ ದೇಶವೊಂದರ ಬಗ್ಗೆ ಅಗೌರವದ ಮಾತು ಇರಬಾರದು. ಅಂದರೆ ಹೀಗೆ ಬರೆದರೆ ತಿರಸ್ಕಾರ ಆಗುತ್ತದೆ: "ಬಾಂಗ್ಲಾದೇಶದ ಕ್ರೂರ ಆಡಳಿತ ಹಿಂದೂಗಳನ್ನು ನಾಶ ಮಾಡುತ್ತಿರುವಾಗ ಸರ್ಕಾರ ಯಾಕೆ ಕಣ್ಣುಮುಚ್ಚಿ ಕೂತಿದೆ?"

ಹೀಗೆ ಬರೆದರೆ ಒಪ್ಪುವ ಸಾಧ್ಯತೆ ಇದೆ: "ವಿದೇಶಾಂಗ ಸಚಿವರು ತಿಳಿಸುವರೇ: (ಅ) ಕಳೆದ ಒಂದು ವರ್ಷದಲ್ಲಿ ಬಾಂಗ್ಲಾದೇಶದಲ್ಲಿ ಹಿಂದೂ ಮತ್ತಿತರ ಅಲ್ಪಸಂಖ್ಯಾತರ ಮನೆ, ಅಂಗಡಿ, ಪೂಜಾಸ್ಥಳಗಳ ಮೇಲೆ ನಡೆದ ದಾಳಿಗಳ ಮಾಹಿತಿ ಸರ್ಕಾರದ ಬಳಿ ಇದೆಯೇ, (ಆ) ಇದ್ದರೆ ಅದರ ವಿವರ, (ಇ) ಈ ವಿಷಯವನ್ನು ಯಾವ ದಿನಾಂಕಗಳಂದು, ಯಾವ ಹಂತದಲ್ಲಿ ಬಾಂಗ್ಲಾದೇಶ ಸರ್ಕಾರದ ಮುಂದೆ ಇಡಲಾಗಿದೆ, (ಈ) ಅದಕ್ಕೆ ಬಂದ ಪ್ರತಿಕ್ರಿಯೆ ಏನು?"

ವ್ಯತ್ಯಾಸ ಗೊತ್ತಾಯ್ತು ಅಲ್ವಾ? ಎರಡನೆಯದರಲ್ಲಿ ಸಿಟ್ಟಿನ ಒಂದು ಪದವೂ ಇಲ್ಲ. ಆದರೆ "ಯಾವ ದಿನಾಂಕ, ಯಾವ ಹಂತ" ಎಂಬ ಮಾತಿಗೆ ಅಧಿಕಾರಿ ಫೈಲು ತೆಗೆದು ನೋಡಲೇಬೇಕು. ಏನೂ ಮಾಡಿರದಿದ್ದರೆ ಉತ್ತರದಲ್ಲಿ ಅದು ಕಾಣುತ್ತದೆ. ಇಂಥ ಪ್ರಶ್ನೆಗಳಿಂದಲೇ 2024ರ ಡಿಸೆಂಬರ್‌ನಲ್ಲಿ ಸರ್ಕಾರ ರಾಜ್ಯಸಭೆಗೆ ಅಂಕಿ ಕೊಟ್ಟಿತು: ಆ ವರ್ಷ ಡಿಸೆಂಬರ್ 8ರವರೆಗೆ ಬಾಂಗ್ಲಾದೇಶದಲ್ಲಿ ಹಿಂದೂ ಮತ್ತಿತರ ಅಲ್ಪಸಂಖ್ಯಾತರ ಮೇಲೆ 2,200 ಹಿಂಸೆಯ ಪ್ರಕರಣ. ಬಾಂಗ್ಲಾದೇಶ ಆ ಅಂಕಿಯನ್ನು ಒಪ್ಪಲಿಲ್ಲ. ಆದರೂ ಎರಡು ಸರ್ಕಾರಗಳು ಒಂದು ಸಂಖ್ಯೆಯ ಮೇಲೆ ಮಾತಾಡಬೇಕಾಯಿತು. ನಾವು ಹಂಚಿದ ನೂರು ಫೋಟೋಗಳಿಂದ ಅಷ್ಟು ಆಗಿರಲಿಲ್ಲ.

ಪ್ರಶ್ನೆ ಬಿಟ್ಟರೆ ಶೂನ್ಯ ವೇಳೆ. ಈಚೆಗಷ್ಟೇ ಆದ ತುರ್ತು ಘಟನೆಗೆ ಇದು ಸರಿ, ಆದರೆ ಉತ್ತರದ ಖಾತರಿ ಇಲ್ಲ. ಲೋಕಸಭೆಯಲ್ಲಿ ನಿಯಮ 377ರ ಅಡಿ 250 ಪದದೊಳಗೆ ವಿಷಯ ಎತ್ತಬಹುದು, ಅದಕ್ಕೆ ಸಚಿವಾಲಯ ಆಮೇಲೆ ಬರಹದಲ್ಲಿ ಉತ್ತರ ಕಳಿಸುತ್ತದೆ. ರಾಜ್ಯಸಭೆಯಲ್ಲಿ ಇಂಥದ್ದಕ್ಕೇ ವಿಶೇಷ ಪ್ರಸ್ತಾಪ ಅಂತ ಇದೆ. ಸಂಸದರು ಮೊದಲೇ ತಿಳಿಸಿ ಕನ್ನಡದಲ್ಲೇ ಮಾತಾಡಬಹುದು, ಅನುವಾದಕರು ಇರುತ್ತಾರೆ.

ಸದನದ ಹೊರಗೂ ದಾರಿಗಳಿವೆ. ಸಂಸದರು ನೇರ ವಿದೇಶಾಂಗ ಸಚಿವರಿಗೆ ಬರೆಯಬಹುದು. ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿಯಲ್ಲಿ ಎರಡೂ ಸದನದ 31 ಸದಸ್ಯರಿದ್ದಾರೆ, ನಿಮ್ಮ ಸಂಸದರು ಅದರಲ್ಲಿದ್ದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಅಧಿಕಾರಿಗಳನ್ನೇ ಕೇಳಬಹುದು. ವಿಶ್ವಸಂಸ್ಥೆಯಲ್ಲಿ ಪ್ರತಿ ದೇಶದ ಮಾನವ ಹಕ್ಕುಗಳ ಸ್ಥಿತಿಯನ್ನು ಸುಮಾರು ನಾಲ್ಕೂವರೆ ವರ್ಷಕ್ಕೊಮ್ಮೆ ಉಳಿದ ದೇಶಗಳು ಪರಿಶೀಲಿಸುತ್ತವೆ. ಆ ದೇಶದ ಸರದಿ ಬಂದಾಗ ಭಾರತ ಏನು ಶಿಫಾರಸು ಮಾಡುತ್ತದೆ ಅಂತ ಕೇಳಬಹುದು. ಭಾರತದ ವೋಟಿನ ಬಗ್ಗೆಯೂ ಕೇಳಬಹುದು. 2022ರ ಅಕ್ಟೋಬರ್ 6ರಂದು ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿಯಲ್ಲಿ ಶಿನ್‌ಜಿಯಾಂಗ್ ಬಗ್ಗೆ ಚರ್ಚೆ ಬೇಕೇ ಎಂಬ ಮತದಾನ ನಡೆಯಿತು. 17 ದೇಶ ಬೇಕು ಎಂದವು, 19 ಬೇಡ ಎಂದವು. ಭಾರತ ಸೇರಿ 11 ದೇಶ ಮತ ಹಾಕಲಿಲ್ಲ. ಮರುದಿನ ನಮ್ಮ ಸಚಿವಾಲಯ, ಅಲ್ಲಿನ ಜನರ ಹಕ್ಕುಗಳನ್ನು ಗೌರವಿಸಬೇಕು ಎಂದಿತು. ವೋಟು ಒಂದು, ಮಾತು ಇನ್ನೊಂದು. ಯಾಕೆ ಅಂತ ಕೇಳುವುದು ಪ್ರಜೆಯ ಹಕ್ಕು.

ಪತ್ರ ಬರೆಯುವುದು

ಒಂದು ಪುಟ, ಅಷ್ಟೇ. ಬೇಡಿಕೆ ಮೊದಲ ಸಾಲುಗಳಲ್ಲೇ ಬರಲಿ. ನಾವು ಎರಡನೇ ಸಲ ಹೋದಾಗ ಎರಡು ಪತ್ರ ಒಯ್ದೆವು. ಒಂದು ಬಾಂಗ್ಲಾದ ಹಿಂದೂಗಳದ್ದು. ಇನ್ನೊಂದು ಇರಾನ್‌ನ ಬಹಾಯಿಗಳದ್ದು. ಬಹಾಯಿ ಅಂದರೆ ಒಂದು ಪ್ರತ್ಯೇಕ ಧರ್ಮ, ನಮ್ಮ ಗುಂಪಿನಲ್ಲಿ ಆ ಧರ್ಮದವರು ಯಾರೂ ಇರಲಿಲ್ಲ. ಅದಕ್ಕೇ ಆರಿಸಿದೆವು. ಆ ಪತ್ರ ಹೀಗಿತ್ತು:

"ಮಾನ್ಯ ಸಂಸದರಿಗೆ ನಮಸ್ಕಾರ. ನಾವು ನಿಮ್ಮ ಕ್ಷೇತ್ರದ ಮತದಾರರು. ಇರಾನ್‌ನಲ್ಲಿ ಬಹಾಯಿ ಸಮುದಾಯದ ಸ್ಥಿತಿಯ ಬಗ್ಗೆ ಮುಂದಿನ ಅಧಿವೇಶನದಲ್ಲಿ ಒಂದು ಲಿಖಿತ ಪ್ರಶ್ನೆ ಕೇಳಬೇಕೆಂದು ವಿನಂತಿಸುತ್ತೇವೆ. ಪ್ರಶ್ನೆಯ ಕರಡು ಜತೆಗಿದೆ.

ಇರಾನ್‌ನ ಸಂವಿಧಾನದ 13ನೇ ವಿಧಿ ಪಾರ್ಸಿ, ಯಹೂದಿ, ಕ್ರೈಸ್ತರನ್ನು ಮಾತ್ರ ಅಲ್ಪಸಂಖ್ಯಾತರೆಂದು ಗುರುತಿಸುತ್ತದೆ. ಬಹಾಯಿಗಳಿಗೆ ಆ ರಕ್ಷಣೆ ಇಲ್ಲ. 1983ರ ಜೂನ್ 18ರಂದು ಶಿರಾಜ್ ನಗರದಲ್ಲಿ ಧರ್ಮ ಬಿಡಲೊಪ್ಪದ ಹತ್ತು ಬಹಾಯಿ ಹೆಂಗಸರನ್ನು ಗಲ್ಲಿಗೇರಿಸಿದರು. ಅವರಲ್ಲಿ ಮೋನಾ ಎಂಬ ಹುಡುಗಿಗೆ 17 ವರ್ಷ. ಮಕ್ಕಳಿಗೆ ಪಾಠ ಹೇಳಿಕೊಟ್ಟದ್ದೂ ಆಕೆಯ ಮೇಲಿನ ಆರೋಪವಾಗಿತ್ತು. ಇಂದಿಗೂ ಬಹಾಯಿ ಯುವಕರಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದೆ.

ಧರ್ಮ ಸ್ವಾತಂತ್ರ್ಯದ ಮಾತಿರುವ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಇರಾನ್ 1975ರಲ್ಲೂ ಭಾರತ 1979ರಲ್ಲೂ ಒಪ್ಪಿವೆ. ದೆಹಲಿಯ ಕಮಲ ಮಂದಿರ ಬಹಾಯಿಗಳದ್ದು. ಇರಾನ್ ನಮ್ಮ ಹಳೆಯ ಸ್ನೇಹದ ದೇಶ. ಸ್ನೇಹಿತರು ಕೇಳಿದರೆ ಕಿವಿಗೊಡುತ್ತಾರೆ ಎಂಬ ನಂಬಿಕೆಯಿಂದ ಕೇಳುತ್ತಿದ್ದೇವೆ."

ಕೆಳಗೆ ಹೆಸರು, ಬಡಾವಣೆ, ಪಿನ್‌ಕೋಡ್, ಒಂದು ಫೋನ್ ನಂಬರ್. ಪಿನ್‌ಕೋಡ್ ನೋಡಿಯೇ ಕ್ಷೇತ್ರದವರೋ ಅಲ್ಲವೋ ಅಂತ ಕಚೇರಿಯವರು ನೋಡುತ್ತಾರೆ. ಕನ್ನಡ ಪತ್ರದ ಜತೆ ಇಂಗ್ಲಿಷ್ ಪ್ರತಿ ಇಡಿ, ಯಾಕೆಂದರೆ ಅದು ದೆಹಲಿಯ ಸಚಿವಾಲಯಕ್ಕೆ ಹೋಗಬೇಕು. ಆಧಾರದ ಕಾಗದ ಬೇರೆ ಲಕೋಟೆಯಲ್ಲಿ. ಒಂದೇ ಪತ್ರ ನಕಲು ಮಾಡಿ ನೂರು ಜನ ಕಳಿಸುವುದಕ್ಕಿಂತ ಹತ್ತು ಜನ ತಮ್ಮ ಮಾತಿನಲ್ಲಿ ಬರೆದ ಹತ್ತು ಪತ್ರ ಮೇಲು. ದೆಹಲಿ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ.

ಭೇಟಿ

ಬ್ರಹ್ಮಕಲಶೋತ್ಸವದ ಚಪ್ಪರದಲ್ಲಿ, ಕಂಬಳದ ಗದ್ದೆ ಬದಿಯಲ್ಲಿ, ಮದುವೆ ಹಾಲಿನ ಬಾಗಿಲಲ್ಲಿ ಮನವಿ ಕೊಡಬೇಡಿ. ಅದು ಹಾರ, ಶಾಲಿನ ಜತೆ ಕಾರಿನ ಹಿಂದಿನ ಸೀಟಿಗೆ ಹೋಗುತ್ತದೆ. ಅಧಿವೇಶನ ಇರುವಾಗ ಸೋಮವಾರದಿಂದ ಶುಕ್ರವಾರ ಅವರು ದೆಹಲಿಯಲ್ಲಿ. ವಾರದ ಕೊನೆಯಲ್ಲಿ ಊರಿಗೆ ಬಂದರೂ ಪುರುಸೊತ್ತು ಇರುವುದಿಲ್ಲ. ಅಧಿವೇಶನಕ್ಕೆ ಒಂದೂವರೆ ತಿಂಗಳು ಮುಂಚೆ ಪಿಎಗೆ ಫೋನ್ ಮಾಡಿ ಕಚೇರಿಯಲ್ಲಿ ಹದಿನೈದು ನಿಮಿಷ ಕೇಳಿ. ಪಿಎಯನ್ನು ದಾಟಿ ಹೋಗುವ ಪ್ರಯತ್ನ ಬೇಡ. ಪ್ರಶ್ನೆಯ ಕರಡನ್ನು ಕೂತು ತಿದ್ದುವವರು, ನೋಟಿಸಿನ ದಿನ ನೆನಪಿಡುವವರು ಅವರೇ.

ಐದು ಜನ ಸಾಕು. ಎರಡನೇ ಸಲ ನಮ್ಮಲ್ಲಿ ಒಬ್ಬ ನಿವೃತ್ತ ಮೇಷ್ಟ್ರು, ಒಬ್ಬ ಕ್ರೈಸ್ತ ನರ್ಸ್, ಒಬ್ಬ ಬ್ಯಾರಿ ಮುಸ್ಲಿಂ ವಕೀಲ, ಒಬ್ಬ ಜೈನ ವ್ಯಾಪಾರಿ ಮತ್ತು ನಾನು. ಬಾಂಗ್ಲಾದ ದೇವಸ್ಥಾನಗಳ ಬಗ್ಗೆ ಮಾತು ತೆಗೆದದ್ದು ವಕೀಲರು. ಕೋಣೆಯಲ್ಲಿದ್ದವರೆಲ್ಲ ತಲೆ ಎತ್ತಿ ನೋಡಿದರು. ನಾನು ಎಷ್ಟೇ ಗಟ್ಟಿಯಾಗಿ ಹೇಳಿದ್ದರೂ ಹಾಗೆ ಕೇಳುತ್ತಿರಲಿಲ್ಲ.

"ಮೊದಲು ನಮ್ಮ ದೇಶದ್ದು ನೋಡಿಕೊಳ್ಳಿ" ಎಂಬ ಮಾತು ಬರಬಹುದು. ಅದಕ್ಕೆ ಜಗಳ ಮಾಡಬೇಡಿ. ಇಲ್ಲಿ ತಪ್ಪಾದರೂ ಕೇಳುತ್ತೇವೆ, ಅಲ್ಲಿ ಆದರೂ ಕೇಳುತ್ತೇವೆ ಅನ್ನಿ. ಅದನ್ನು ಹೇಳಲು ನಮಗೆ ಧೈರ್ಯ ಇರಬೇಕಾದರೆ ಇಲ್ಲಿಯದಕ್ಕೂ ನಾವು ಮಾತಾಡಿರಬೇಕು.

ಊರಿನಲ್ಲಿ ಎಚ್ಚರ

ಈ ಭಾಗವನ್ನು ದಯವಿಟ್ಟು ಓದದೆ ಬಿಡಬೇಡಿ. ನಮ್ಮ ಕರಾವಳಿಯಲ್ಲಿ ಒಂದು ಕಿಡಿ ಎಷ್ಟು ಬೇಗ ಹತ್ತಿಕೊಳ್ಳುತ್ತದೆ ಅಂತ ಎಲ್ಲರಿಗೂ ಗೊತ್ತು. ಢಾಕಾದಲ್ಲಿ ಆದ ಅನ್ಯಾಯಕ್ಕೆ ಬಂದರು ರಸ್ತೆಯ ಅಂಗಡಿಯವನು ಜವಾಬ್ದಾರನಲ್ಲ. ಲಾಹೋರಿನದ್ದಕ್ಕೆ ಉಳ್ಳಾಲದವನೂ ಅಲ್ಲ, ಮ್ಯಾನ್ಮಾರ್‌ನದ್ದಕ್ಕೆ ಬೈಲುಕುಪ್ಪೆಯ ಬೌದ್ಧ ಭಿಕ್ಷುವೂ ಅಲ್ಲ. ನಿಮ್ಮ ಬ್ಯಾನರಿನಲ್ಲಿ ಸರ್ಕಾರದ ಹೆಸರು, ಕಾನೂನಿನ ಹೆಸರು ಇರಲಿ, ಧರ್ಮವನ್ನು ಬೈಯುವ ಪದ ಬೇಡ. ದ್ವೇಷ ಹಬ್ಬಿಸುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ, ಧಾರ್ಮಿಕ ಭಾವನೆ ಕೆರಳಿಸಿದರೆ 299ನೇ ಕಲಂ ಇದೆ. ವಾಟ್ಸಾಪ್ ಗುಂಪು ಮಾಡಿದರೆ ಅಡ್ಮಿನ್‌ಗಳು ಮಾತ್ರ ಬರೆಯುವಂತೆ ಇಡಿ.

ಸಭೆ, ಮೆರವಣಿಗೆಗೆ ಮಂಗಳೂರಿನಲ್ಲಿ ಪೊಲೀಸ್ ಕಮಿಷನರ್ ಕಚೇರಿ, ಉಡುಪಿಯಲ್ಲಿ ಜಿಲ್ಲಾ ಪೊಲೀಸರ ಅನುಮತಿ ಮೊದಲೇ ಕೇಳಿ. ನನ್ನ ಅಭಿಪ್ರಾಯದಲ್ಲಿ ಮೆರವಣಿಗೆಗಿಂತ ಜಿಲ್ಲಾಧಿಕಾರಿ ಮೂಲಕ ಮನವಿ ಸಲ್ಲಿಸುವುದು, ಉಡುಪಿಯವರಾದರೆ ಮಣಿಪಾಲದ ರಜತಾದ್ರಿಯಲ್ಲಿ, ಇದಕ್ಕೆ ಸಾಕು. ದಿನ ಬೇಕಿದ್ದರೆ ಆಗಸ್ಟ್ 22 ಇದೆ. ಧರ್ಮದ ಕಾರಣಕ್ಕೆ ಹಿಂಸೆಗೆ ಸಿಕ್ಕವರ ನೆನಪಿನ ದಿನ ಅಂತ 2019ರಲ್ಲಿ ವಿಶ್ವಸಂಸ್ಥೆ ಅದನ್ನು ಗೊತ್ತು ಮಾಡಿತು.

ಗಲ್ಫ್‌ನಲ್ಲಿ ನಿಮ್ಮವರಿದ್ದರೆ ಅವರ ಹೆಸರು, ಸಹಿ, ಫೋಟೋ ಎಲ್ಲೂ ಬೇಡ. ಅಲ್ಲಿ ಕೂತು ಈ ಬಗ್ಗೆ ಪೋಸ್ಟ್ ಹಾಕಬೇಡಿ ಅಂತ ಹೇಳಿ. ಅವರ ಕೆಲಸ, ವೀಸಾ ಎರಡೂ ಹೋಗಬಹುದು. ಹೊರದೇಶದಿಂದ ಇದಕ್ಕೆ ದುಡ್ಡನ್ನೂ ತರಿಸಬೇಡಿ, ವಿದೇಶಿ ದೇಣಿಗೆಯ ಕಾನೂನು ಬಿಗಿಯಾಗಿದೆ.

ಉತ್ತರ ಬಂದ ಮೇಲೆ

ಉತ್ತರ ಸಂಸತ್ತಿನ ಜಾಲತಾಣದಲ್ಲಿ ಸಿಗುತ್ತದೆ. "ಸರ್ಕಾರ ಗಮನಿಸುತ್ತಿದೆ" ಎಂಬ ಒಂದೇ ಸಾಲು ಇರಬಹುದು. ಬೇಸರ ಬೇಡ. ಯಾವ ಭಾಗಕ್ಕೆ ಉತ್ತರ ತಪ್ಪಿಸಿದ್ದಾರೆ ನೋಡಿ, ಮುಂದಿನ ಪ್ರಶ್ನೆ ಅದೇ. ಸಚಿವರು "ಪರಿಶೀಲಿಸುತ್ತೇವೆ", "ಮಾಹಿತಿ ಸಂಗ್ರಹಿಸಿ ಕೊಡುತ್ತೇವೆ" ಎಂದಿದ್ದರೆ ಅದು ಸದನಕ್ಕೆ ಕೊಟ್ಟ ಭರವಸೆ. ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಈಡೇರಿಸಬೇಕು, ಅದನ್ನು ನೋಡಲೆಂದೇ ಒಂದು ಸಮಿತಿ ಇದೆ. ಆ ತಾರೀಕು ಬರೆದಿಟ್ಟುಕೊಳ್ಳಿ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲೂ ಕೇಳಬಹುದು, ಆದರೆ ವಿದೇಶ ಸಂಬಂಧಕ್ಕೆ ಧಕ್ಕೆ ಅಂತ ನಿರಾಕರಿಸಲು 8ನೇ ಕಲಮಿನಲ್ಲಿ ಅವಕಾಶ ಇದೆ. ಸಂಸದರು ಮಾತಾಡಿದರೆ ತಪ್ಪದೆ ಕೃತಜ್ಞತೆಯ ಪತ್ರ ಬರೆಯಿರಿ, ಊರಿನ ಪತ್ರಿಕೆಗೂ ಒಂದು ಪ್ರತಿ ಕೊಡಿ. ರಸ್ತೆ ಹೊಂಡಕ್ಕೆ ಬೈಗುಳ ದಿನಾ ಬರುವ ಕಚೇರಿಗೆ ಅಂಥ ಪತ್ರ ಅಪರೂಪ.

ನಮ್ಮ ಎರಡನೇ ಭೇಟಿಯ ಎರಡೂ ಪತ್ರಗಳನ್ನು ವಿದೇಶಾಂಗ ಸಚಿವಾಲಯಕ್ಕೆ ಕಳಿಸಿದ್ದೇವೆ ಎಂದು ಆ ಕಚೇರಿಯಿಂದ ಒಂದು ಕಾಗದ ಬಂತು. ಅದರಲ್ಲಿ ಇದ್ದದ್ದು ಎರಡೇ ಸಾಲು. ಪ್ರಶ್ನೆಗೆ ಆ ಅಧಿವೇಶನದಲ್ಲಿ ಸಮಯ ಮೀರಿತ್ತು. ಮೇಷ್ಟ್ರು ಕಾಗದವನ್ನು ಫೈಲಿಗೆ ಹಾಕಿದರು. ಮುಂದಿನ ಅಧಿವೇಶನದ ತಾರೀಕು ಪ್ರಕಟವಾದ ದಿನ ಗೋಡೆಯ ಕ್ಯಾಲೆಂಡರ್ ತೆಗೆದು, ಅಲ್ಲಿಂದ ಹಿಂದಕ್ಕೆ 15 ದಿನ ಎಣಿಸಿ, ಕೆಂಪು ಪೆನ್ನಿನಲ್ಲಿ ಒಂದು ಸುತ್ತು ಹಾಕಿದರು.